ಕಫನ್ ತವರಿಂದು, ದಫನ್ ಗಂಡನ ಮನಿದು

ನಮ್ಮಪ್ಪ ನಿಜಾಮನ ಕಾಲದಾಗ ಉರ್ದು ಸಾಲ್ಯಾಗ ಕಲಿತಾವ. ಯಾರರೆ ಹೆಣ್ಣಮಗಳು ತೀರಿದ ಸುದ್ದಿ ಬಂದ್ರ ಅವ ಎರಡೇ ಮಾತು ಕೇಳ್ತಿದ್ದ: "ಕಫನ್ ಯಾರು ತರ್ತಾರ? ದಫನ್ ಎಷ್ಟೊತ್ತಿಗಿ?" ಸಣ್ಣಾಂವಿದ್ದಾಗ ನನಗ ಎರಡೂ ಒಂದೇ ಅನಸ್ತಿತ್ತು. ಅಪ್ಪನೇ ಬಿಡಿಸಿ ಹೇಳಿದ. ಕಫನ್ ಅಂದ್ರ ಹೆಣಕ್ಕ ಹೊದಿಸೋ ಬಟ್ಟಿ. ದಫನ್ ಅಂದ್ರ ಮಣ್ಣು ಮಾಡೋದು. ನಮ್ಮ ಮಂದ್ಯಾಗ ಸುಡೋದಿಲ್ಲ, ಹೂಳ್ತಾರ. ಲಗ್ನಾದ ಹೆಣ್ಣಮಗಳು ಸತ್ರ ದಫನ್ ಗಂಡನ ಮನಿಯವರು ಮಾಡ್ತಾರ, ಕಫನ್ ಮಾತ್ರ ತವರಿಂದ ಬರಬೇಕು. ಅಣ್ಣನೋ ತಮ್ಮನೋ ಸೀರಿ ತಂದು ಹೊದಿಸೋತನಕ ಹೆಣ ಎತ್ತಂಗಿಲ್ಲ.

ನಮ್ಮಕ್ಕನ್ನ ವಾಡಿಗಿ ಕೊಟ್ಟಿತ್ತು. ತವರು ಅಂತ ಆಕಿಗಿ ಉಳಿದಾವ ನಾನೊಬ್ಬನೇ, ಸೇಡಂದಾಗ. ನಾನರೆ ಎಂಥಾವ? ಸಿಟ್ಟು ಅನ್ನೋದು ಮೂಗಿನ ತುದಿಗೇ. ಮೂರು ವರ್ಷದ ಹಿಂದ ಆಕಿ ಮಗಳ ಲಗ್ನ ಇತ್ತು. ಬಟ್ಟಿಬರಿ ಆಯರ ಮಾಡುವಾಗ ಮೊದಲು ಸೋದರಮಾವನ್ನ ಕರೀಬೇಕಾ ಬ್ಯಾಡಾ? ಶಹಾಬಾದಿನ ಯಾರೋ ಬೀಗರನ್ನ ಕರದ್ರು. ನಾ ತಂದ ಬಟ್ಟಿ ಅಲ್ಲೇ ಕುರ್ಚಿ ಮ್ಯಾಲ ಒಗದು ಎದ್ದು ಬಂದೆ. ಅಕ್ಕ ಬೆನ್ನ ಹತ್ತಿ ಬಂದು, "ತಮ್ಮಾ, ತಪ್ಪಾಗ್ಯದೋ, ಒಂದು ತುತ್ತು ಉಂಡು ಹೋಗೋ" ಅಂದ್ಳು. ಕೇಳಿದ್ರೂ ಕೇಳಲಾರದಂಗ ಬಸ್ ಹತ್ತಿದೆ. ಆಮ್ಯಾಗ ಆ ಮನಿ ಕಡಿ ಹೊಳ್ಳಿ ನೋಡಲಿಲ್ಲ.

ಹೋದ ವರ್ಷ ದಸರಾ ಮುಂದ ಒಂದು ಮುಂಜಾನಿ ಚಿತ್ತಾಪುರದ ಸಂಬಂಧಿಕನೊಬ್ಬ ಫೋನ್ ಹಚ್ಚಿ, "ನಿಮ್ಮಕ್ಕ ಹೋದಳಲ್ಲ, ಗೊತ್ತಾಗ್ಯದಿಲ್ಲ ನಿಮಗ?" ಅಂದ. ಗೊತ್ತಿಲ್ಲ ಅನ್ನಲಿಕ್ಕ ನಾಚಿಕಿಯಾಗಿ "ಹೂಂ, ಹೊಂಟೀನಿ" ಅಂದೆ. ಅಂಗಡಿಯವನ್ನ ಎಬ್ಬಿಸಿ ಹಸಿರು ಇಳಕಲ್ ಸೀರಿ ತಂದೆ. ಅಕ್ಕನ ಗಂಡ ಇನ್ನೂ ಗಟ್ಟಿ ಅದಾರ, ಮುತ್ತೈದಿಗಿ ಹಸಿರೇ ಆಗಬೇಕು. ಮನಿಗಿ ಬಂದು ಚೀಲ ತೊಡಿ ಮ್ಯಾಲ ಇಟ್ಟುಕೊಂಡು ಕುಂತೆ.

"ಯಾಕ ಕುಂತ್ರಿ? ನಡೀರಿ" ಅಂದ್ಳು ಹೆಂಡತಿ.

"ಅಕ್ಕನ ಮಗ ಫೋನ್ ಹಚ್ಚಲಿ. ತವರಿನವರಿಗಿ ಮೊದಲು ಹೇಳಬೇಕು. ಊರಿಗೆಲ್ಲಾ ಹೇಳಿ ನನಗಷ್ಟೇ ಬಿಟ್ಟಾನ."

"ಸತ್ತದ್ದು ನಿಮ್ಮಕ್ಕರಿ. ಹೆಣದ ಮುಂದ ಎಂಥಾ ಹಟಾರಿ ಇದು?"

ಖರೇ ಮಾತು. ಆದ್ರೂ ಏಳಲಿಲ್ಲ. ಹತ್ತಾತು, ಹನ್ನೊಂದಾತು. ಫೋನಿನ ಕಡಿ ನೋಡೋದು, ಸೋದರಳಿಯನ್ನ ಬೈಯೋದು. ಹನ್ನೆರಡಕ್ಕ ಹೆಂಡತಿ ಚೀಲ ಕಸಗೊಂಡು, "ನಾನೇ ಒಯ್ತೀನಿ" ಅಂತ ಚಪ್ಪಲಿ ಮೆಟ್ಟಿದಳು. ಆಗ ಎದ್ದೆ. ಇಬ್ಬರೂ ಹೊಂಟಿವಿ.

ಚಿತ್ತಾಪುರದಾಗ ಬಸ್ ಬದಲಿಸಿ, ಸಿಮೆಂಟ್ ಲಾರಿಗಳ ಹಿಂದ ತೆವಳಕೊಂತ ವಾಡಿ ಮುಟ್ಟೋದ್ರಾಗ ಮೂರೂವರಿ. ಅಕ್ಕನ ಮನಿ ಅಂಗಳಕ್ಕ ನೀರು ಹಾಕಿ ತೊಳೀಲಿಕತ್ತಿದ್ರು. "ಎರಡರ ತನಕಾ ನಿಮ್ಮ ಹಾದಿ ನೋಡಿದ್ರು ಅಣ್ಣಾರ, ಈಗ ಒಯ್ದಾರ" ಅಂದ್ಳು ಒಬ್ಬಾಕಿ. ಹೆಂಡತಿ ಕೈಯಾಗಿನ ಚೀಲ ಇಸಗೊಂಡು ಸ್ಮಶಾನಕ್ಕ ಓಡಿದೆ.

ಕುಣಿ ಅರ್ಧ ಮುಚ್ಚಿತ್ತು. ಅಕ್ಕನ ಮಗ ಸಲಿಕಿ ಹಿಡಿದು ನಿಂತಿದ್ದ. ನಾನು ಅಳೋದು ಬಿಟ್ಟು ಜಗಳಕ್ಕೇ ನಿಂತೆ. "ನನಗೊಂದು ಫೋನ್ ಹಚ್ಚಲಿಕ್ಕ ಏನಾಗಿತ್ತೋ ನಿನಗ?"

"ಮಾಮಾ, ಅವ್ವ ಜೀವ ಬಿಟ್ಟಕೂಡ್ಲೇ ಮೊದಲನೇ ಫೋನ್ ನಿಮಗೇ ಹಚ್ಚೀನಿ. ಹತ್ತು ಸಲ ಹಚ್ಚಿದೆ, ಹತ್ತಲೇ ಇಲ್ಲ. ಅದಕ್ಕೇ ಚಿತ್ತಾಪುರದವರಿಗಿ ತಿಳಸ್ರಿ ಅಂದೆ. ನೀವು ಹೊಂಟೀರಂತ ಅವರು ಹೇಳಿದ್ರು, ಕಾದಿವಿ. ಕಡೀಕ ಪಕ್ಕದ ಮನಿಯಾಕಿ, ನಾನೂ ಆಕಿ ತಂಗಿನೇ ಅಂತ ತನ್ನ ಹೊಸಾ ಸೀರಿ ತಂದು ಹೊದಿಸಿದಳು."

ಕಿಸೆದಾಗಿಂದ ಫೋನ್ ತೆಗದೆ. ಲಗ್ನದಿಂದ ಎದ್ದು ಬಂದ ದಿನ ಸಿಟ್ಟಿನಾಗ ಆ ಮನಿಯವರ ನಂಬರೆಲ್ಲಾ ಬ್ಲಾಕ್ ಮಾಡಿದ್ದು ಆವಾಗ ನೆನಪಾತು. ತಡದು ಇಟ್ಟ ಕರೆಗಳೆಲ್ಲಾ ಅದರಾಗ ಒಂದು ಕಡಿ ಇದ್ದವು. ಮ್ಯಾಲ ಅಳಿಯಂದು, ಅವತ್ತಿನ ಮುಂಜಾನಿವು. ಕೆಳಗ ಅಕ್ಕಂದು ಎರಡು, ನಾಗರ ಪಂಚಮಿ ದಿನದ್ವು. ಹಬ್ಬಕ್ಕ ತವರಿಗಿ ತಮ್ಮ ಕರೀಲಿಕ್ಕ ಬರ್ತಾನಂತ ಹಾದಿ ನೋಡಿ, ಬರಲಾರದ್ದಕ್ಕ ತಾನೇ ಹಚ್ಚಿದ್ದಳು. ಥೂ ನನ್ನ ಜನ್ಮಕ್ಕ! ಅಲ್ಲೇ ಮಣ್ಣಿನಾಗ ಕುಂತು ಬೋರಾಡಿ ಅತ್ತೆ.

ಅಲ್ಲಿದ್ದ ಹಿರ್ಯಾರೊಬ್ಬರಿಗಿ ಕೈ ಮುಗದು, "ಮಣ್ಣು ಸರಸ್ರಿ, ಒಮ್ಮೆ ಹೊದಿಸ್ತೀನಿ" ಅಂದೆ.

"ಹಾಕಿದ ಮಣ್ಣು ತೆಗೀಬಾರದಪ್ಪ. ಇದ್ದಲ್ಲೇ ಹಾಸು" ಅಂದ್ರು.

ಕುಣಿಯೊಳಗ ಇಳದೆ. ತಲಿ ಯಾವ ಕಡಿ ಅದ ಅಂತ ಅಳಿಯನ್ನ ಕೇಳಿ, ಸೆರಗು ಆ ಕಡಿ ಮಾಡಿ ಸೀರಿ ಹಾಸಿದೆ. ಮ್ಯಾಲ ಬಂದು ಮೂರು ಹಿಡಿ ಮಣ್ಣು ಹಾಕಿದೆ. ದಫನಿಗಿ ಒದಗಿದೆ. ನಾ ತಂದ ಸೀರಿಗೂ ಅಕ್ಕಗೂ ನಡುವ ಎರಡು ಮೊಳ ಮಣ್ಣಿತ್ತು.