ಕಾಪು ಮಾರ್ಕೆಟಿನ ಓಣಿಯಲ್ಲಿ ಬಿಟ್ಟ ಕೀ

ಭಾನುವಾರ ಸಂಜೆ ನಮ್ಮ ಮನೆಯ ಫೋನಿನಲ್ಲಿ ಮೂರು ದೇಶ ಒಟ್ಟಾಗುತ್ತವೆ. ಅಕ್ಕ ಕೆನಡಾದಲ್ಲಿ, ತಮ್ಮ ದಕ್ಷಿಣ ಆಫ್ರಿಕಾದಲ್ಲಿ, ಕುವೈತಿನಲ್ಲಿ ಡ್ರೈವರ್ ಕೆಲಸ ಮುಗಿಸಿ ಬಂದ ನಾನು ಕಾಪು ಹತ್ತಿರದ ಎಲ್ಲೂರಿನಲ್ಲಿ. ಮೊದಲು ಮೀನಿನ ಸುದ್ದಿ, ಆಮೇಲೆ ಮಂಡಿನೋವು, ಕೊನೆಗೆ ಎಂತ ಕರ್ಮವೋ, ಕಾರು ಕದಿಯುವವರ ಸುದ್ದಿ. ಈಚೆಗೆ ಅದು ತಪ್ಪಿದ ವಾರವಿಲ್ಲ. ಕೇಳಿ ಕೇಳಿ ನನಗೆ ಸಾಕೋ ಸಾಕಾಗಿದೆ.

ತಮ್ಮನದು ಹಳೇ ಕತೆ. ಅವನು ಅಲ್ಲಿಗೆ ಹೋದ ಹೊಸತರಲ್ಲಿ ಸಿಗ್ನಲಿನಲ್ಲಿ ನಿಂತ ಕಾರಿನ ಗಾಜಿಗೇ ಪಿಸ್ತೂಲು ತಾಗಿಸಿ ಇಳಿ ಎನ್ನುತ್ತಿದ್ದರಂತೆ. ಈಗಲೂ ಕತ್ತಲಾದ ಮೇಲೆ ಅವನು ಕೆಂಪು ದೀಪಕ್ಕೆ ಪೂರ್ತಿ ನಿಲ್ಲುವುದಿಲ್ಲ, ನಿಧಾನ ಮಾಡಿ ಜಾರಿಕೊಳ್ಳುತ್ತಾನೆ. ಅಕ್ಕನಿಗೆ ಮಾತ್ರ ಬಹಳ ವರ್ಷ ಭಾರೀ ಜಂಬ, ತಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂದು. ಈಗ ಅವಳ ಬೀದಿಯಲ್ಲೇ ಮನೆಯೆದುರು ನಿಲ್ಲಿಸಿದ ಕಾರು ಬೆಳಗಾಗುವಾಗ ಮಾಯ. ಕೀ ಮನೆಯೊಳಗೇ ಇರುತ್ತದೆ. ಕಳ್ಳರು ಹೊರಗೆ ನಿಂತು ಅದರ ಸಿಗ್ನಲ್ ಹಿಡಿದು ಬಾಗಿಲು ತೆಗೆಯುತ್ತಾರೆ. ಕಾರು ಕಂಟೇನರಿನಲ್ಲಿ ಕೂತು ಕಡಲು ದಾಟುತ್ತದೆ. ನಿನ್ನ ಆಫ್ರಿಕಾಕ್ಕೇ ಬರುವುದು ಎಂದು ಅವಳು ತಮ್ಮನನ್ನು ಚುಚ್ಚುತ್ತಾಳೆ. ಹಾಗಾಗಿ ಅಕ್ಕನ ಕಡೆ ಈಗ ಎಲ್ಲರೂ ಸ್ಟಿಯರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ಲಾಕ್ ತರುತ್ತಿದ್ದಾರಂತೆ. ಒಂದು ಕಾಲದಲ್ಲಿ ಉಡುಪಿಯಲ್ಲಿ ಕಾರಿದ್ದವರೆಲ್ಲ ಹಾಕಿ, ಆಮೇಲೆ ಗುಜರಿಗೆ ಎಸೆದ ಲಾಕ್ ಅದು. ಸಿಗುತ್ತದಾ ನೋಡು ಎಂದು ಅಕ್ಕ ನನಗೇ ಹೇಳಿದಳು.

ನನ್ನ ಕುವೈತಿನ ಕತೆಗೆ ಈ ಫೋನಿನಲ್ಲಿ ಬೆಲೆಯಿಲ್ಲ. ಬೇಸಗೆಯಲ್ಲಿ ಅಂಗಡಿಯೆದುರು ಎ.ಸಿ. ಹಾಕಿ, ಇಂಜಿನ್ ಚಾಲೂ ಬಿಟ್ಟೇ ನಾನು ಸಾಮಾನು ತರಲು ಹೋಗುತ್ತಿದ್ದೆ. ಒಮ್ಮೆಯೂ ಕಾರು ಹೋಗಲಿಲ್ಲ. ಕಳ್ಳತನವೇ ಆಗದ ಕತೆಯನ್ನು ಯಾರು ಕೇಳುತ್ತಾರೆ?

ಊರಿಗೆ ಬಂದ ಮೇಲೂ ಆ ಅಭ್ಯಾಸ ಬಿಡುವ ಅಗತ್ಯ ಬೀಳಲಿಲ್ಲ. ಕಾಪು ಮೀನು ಮಾರ್ಕೆಟಿನ ಓಣಿ ಇಕ್ಕಟ್ಟು. ಐಸಿನ ಟೆಂಪೋ ಬಂತೆಂದರೆ ಎದುರಿದ್ದ ಗಾಡಿ ಸರಿಯಲೇಬೇಕು. ಅದಕ್ಕೆ ಅಲ್ಲಿ ಎಲ್ಲರೂ ಕೀಯನ್ನು ಗಾಡಿಯಲ್ಲೇ ಬಿಟ್ಟು ಮೀನಿಗೆ ಹೋಗುವುದು. ಹಿಂದಿನವನಿಗೆ ದಾರಿ ಬೇಕಾದರೆ ಅವನೇ ಕೂತು ನಿಮ್ಮ ಕಾರನ್ನು ಮುಂದೆ ಒಯ್ದು ನಿಲ್ಲಿಸುತ್ತಾನೆ. ಬಂಗುಡೆ ಹಿಡಿದುಕೊಂಡು ಬಂದು ನೋಡಿದರೆ ಕಾರು ಇಟ್ಟಲ್ಲಿ ಇರುವುದಿಲ್ಲ. ಯಾರೂ ಗಾಬರಿಯಾಗುವುದಿಲ್ಲ, ಆಚೀಚೆ ಹುಡುಕುತ್ತಾರೆ ಅಷ್ಟೆ. ಕೀ ಕಿಸೆಗೆ ಹಾಕಿಕೊಂಡು ಹೋದವನಿಗೆ ಸಿಗುವ ಬೈಗಳು ಬರೆಯುವಂಥದ್ದಲ್ಲ.

ಕಣ್ಣಿನ ಆಪರೇಷನ್ ಆದಾಗ ಮಣಿಪಾಲದ ಡಾಕ್ಟರು ಇನ್ನು ಸ್ವಲ್ಪ ಕಾಲ ಓಡಿಸಬೇಡಿ ಎಂದರು. ಆಗ ಒಬ್ಬ ಡ್ರೈವರನ್ನು ಇಟ್ಟುಕೊಂಡೆ. ಬಾಗಲಕೋಟೆ ಕಡೆಯವನು, ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದು ಡ್ರೈವಿಂಗ್ ಕಲಿತವನು. ಕಾಪುವಿನಲ್ಲಿ ಒಂದು ಬಾಡಿಗೆ ಕೋಣೆ, ಹೆಂಡತಿ, ಮಾತು ಕಡಿಮೆ. ಮೊದಲ ಸಲ ಮಾರ್ಕೆಟಿಗೆ ಹೋದಾಗ ಅವನು ಕೀ ತೆಗೆದು ಕಿಸೆಗೆ ಹಾಕಿದ. ಇಲ್ಲಿ ಹಾಗಲ್ಲ ಮಾರಾಯ, ಅಲ್ಲೇ ಬಿಡು ಎಂದೆ. ಅವನು ನನ್ನ ಮುಖ ನೋಡಿದ, ಕಾರು ನೋಡಿದ, ಬಿಟ್ಟ. ದಿನ ಕಳೆದಂತೆ ಅವನಿಗೂ ರೂಢಿಯಾಯಿತು.

ಮಳೆ ಕಡಿಮೆಯಾಗಿ ಬೋಟುಗಳು ಕಡಲಿಗಿಳಿದ ಹೊಸತು. ಮಾರ್ಕೆಟಿನಲ್ಲಿ ಜಾತ್ರೆಯಂತೆ ಜನ. ಅವನೊಬ್ಬನನ್ನೇ ಮೀನಿಗೆ ಕಳಿಸಿದ್ದೆ. ತಿರುಗಿ ಬಂದಾಗ ಕಾರು ಇರಲಿಲ್ಲ. ಯಾರೋ ಸರಿಸಿದ್ದಾರೆಂದು ಮೀನಿನ ಚೀಲ ಹಿಡಿದುಕೊಂಡೇ ಓಣಿಯಿಡೀ ಹುಡುಕಿದ್ದಾನೆ, ಹೆದ್ದಾರಿಯವರೆಗೂ ಹೋಗಿ ನೋಡಿದ್ದಾನೆ. ಆಮೇಲೆ ನನಗೆ ಫೋನು ಮಾಡಿದ. ನಾನು ರಿಕ್ಷಾ ಹಿಡಿದು ಹೋಗುವಷ್ಟರಲ್ಲಿ ಪೊಲೀಸರು ಬಂದಿದ್ದರು. ಓಣಿಯಲ್ಲಿ ನಿಂತಿದ್ದ ಒಂದು ಗಾಡಿಯಲ್ಲೂ ಕೀ ಇರಲಿಲ್ಲ. ಅಷ್ಟು ಹೊತ್ತಿನಲ್ಲಿ ಎಲ್ಲವೂ ಕಿಸೆ ಸೇರಿದ್ದವು.

ಇಲ್ಲಿ ಕೀ ಬಿಟ್ಟು ಹೋಗುವ ಕ್ರಮ ಉಂಟಾ ಎಂದು ಪೊಲೀಸರು ಸುತ್ತಲಿದ್ದವರನ್ನು ಕೇಳಿದರು. ಇಲ್ಲಪ್ಪ, ನಾವು ಯಾರೂ ಬಿಡುವುದಿಲ್ಲ ಎಂದರು. ಹಾಗೆ ಹೇಳಿದವರಲ್ಲಿ ಹೋಟೆಲಿಗೆ ಮೀನು ಒಯ್ಯುವವನೊಬ್ಬನಿದ್ದ. ಹಿಂದಿನ ವಾರ ಅವನೇ ನನ್ನ ಕಾರನ್ನು ಸರಿಸಿ, ಬ್ರೇಕ್ ಸ್ವಲ್ಪ ಲೂಸ್ ಉಂಟು, ತೋರಿಸಿ ಎಂದು ಬುದ್ಧಿ ಹೇಳಿದ್ದ. ಈಗ ಅವನು ನನ್ನ ಕಡೆ ನೋಡಲೇ ಇಲ್ಲ. ಹಿಂದಿನಿಂದ ಯಾರೋ, ಡ್ರೈವರ್ ಘಟ್ಟದ ಮೇಲಿನವನಲ್ವಾ ಎಂದರು. ಅಷ್ಟೇ ಸಾಕಾಯಿತು.

ಸ್ಟೇಷನ್ನಿನಲ್ಲಿ ಅವನನ್ನು ಸಂಜೆಯವರೆಗೆ ಬೆಂಚಿನಲ್ಲಿ ಕೂರಿಸಿದರು. ಕೀ ಬಿಡಲು ಹೇಳಿದ್ದು ನಾನು, ಅಲ್ಲಿ ಎಲ್ಲರೂ ಬಿಡುತ್ತಾರೆ ಎಂದು ಗಂಟಲು ಹರಿಯುವಷ್ಟು ಹೇಳಿದೆ. ಅಧಿಕಾರಿ ಸಮಾಧಾನದಿಂದ, ನೀವೊಬ್ಬರೇ ಹೀಗೆ ಹೇಳುವುದು ಸಾರ್ ಎಂದರು. ಅದೂ ನಿಜವೇ. ಕೊನೆಗೆ ಅವನನ್ನು ಬಿಟ್ಟು ಕಳಿಸಿದರು, ಆದರೆ ಊರು ಬಿಡಬಾರದು, ಕರೆದಾಗ ಬರಬೇಕು ಎಂದರು. ಮರುದಿನ ಮನೆ ಯಜಮಾನ ಅವನಿಗೆ ಬೇರೆ ಕೋಣೆ ನೋಡಿಕೊಳ್ಳಲು ಹೇಳಿದ. ಊರು ಬಿಡುವಂತಿಲ್ಲ, ಇರಲು ಕೋಣೆಯೂ ಇಲ್ಲ.

ಆ ಭಾನುವಾರ ಫೋನಿನಲ್ಲಿ ಹಬ್ಬ. ಕೊನೆಗೂ ನನ್ನ ಕಡೆಯಿಂದಲೂ ಒಂದು ಕಳ್ಳತನ! ಇಂಥದ್ದರಲ್ಲಿ ಯಾವಾಗಲೂ ಡ್ರೈವರನ ಕೈ ಇರುತ್ತದೆ, ನಮ್ಮಲ್ಲೂ ಹಾಗೇ ಎಂದ ತಮ್ಮ. ನಿಮ್ಮಲ್ಲಿ ಹಾಗೆ, ನಮ್ಮಲ್ಲಿ ದೊಡ್ಡ ಗ್ಯಾಂಗು ಎಂದಳು ಅಕ್ಕ. ಕಳ್ಳರು ಕೀ ಹುಡುಕಿಕೊಂಡು ಮಲಗುವ ಕೋಣೆಗೇ ನುಗ್ಗುತ್ತಾರೆಂದು ಕೆನಡಾದ ಪೊಲೀಸರೊಬ್ಬರು ಕೀಯನ್ನು ಬಾಗಿಲ ಹತ್ತಿರವೇ ಇಡಿ ಎಂದಿದ್ದರಂತೆ. ನಾವು ನಂಬಿಕೆಯಿಂದ ಬಿಡುವುದನ್ನು ಅವರು ಹೆದರಿಕೆಯಿಂದ ಬಿಡಬೇಕು. ಯಾವ ದೇಶದಲ್ಲಿ ಜಾಸ್ತಿ, ಮೊದಲು ಹೆಚ್ಚೋ ಈಗ ಹೆಚ್ಚೋ ಎಂದು ಇಬ್ಬರೂ ಕ್ರಿಕೆಟ್ ಸ್ಕೋರಿನಂತೆ ವಾದಿಸುತ್ತಿದ್ದರು. ಬೆಂಚಿನಲ್ಲಿ ಕೂತವನ ಬಗ್ಗೆ ಒಂದು ಮಾತಿಲ್ಲ. ನಾನು ಫೋನು ಇಟ್ಟುಬಿಟ್ಟೆ.

ಕಾರು ಸಿಕ್ಕಿತು. ಹಿರಿಯಡ್ಕ ದಾಟಿ ಕಾರ್ಕಳದ ಹತ್ತಿರ, ಕಲ್ಲಿನ ಕೋರೆಗೆ ಹೋಗುವ ದಾರಿಯಲ್ಲಿ, ಪೆಟ್ರೋಲು ಮುಗಿದು ನಿಂತಿತ್ತು. ಸ್ಟೆಪ್ನಿ ಇಲ್ಲ, ಕೀ ಮಾತ್ರ ಅದರಲ್ಲೇ ಇತ್ತು. ದಾರಿಯ ಪೆಟ್ರೋಲ್ ಬಂಕಿನ ಕ್ಯಾಮರಾದಲ್ಲಿ, ಕಾರು ದಾಟಿಹೋಗುವಾಗ ಒಳಗೆ ಯಾರೋ ಇಬ್ಬರು ಅಪರಿಚಿತರು ಕಂಡರು. ಡ್ರೈವರನನ್ನು ಇನ್ನು ಕರೆಯುವುದಿಲ್ಲ ಎಂದರು ಪೊಲೀಸರು. ಮನೆ ಯಜಮಾನನೂ, ಆಯ್ತು, ಇದ್ದುಕೋ ಎಂದ. ತಪ್ಪಾಯಿತು ಎಂದು ಮಾತ್ರ ಯಾರೂ ಅನ್ನಲಿಲ್ಲ.

ಸ್ವಲ್ಪ ದಿನದಲ್ಲೇ ಓಣಿಯ ಗಾಡಿಗಳಿಗೆ ಕೀಗಳು ವಾಪಸು ಬಂದವು. ಹಾಗೇ ಒಂದು ಬೆಳಿಗ್ಗೆ ನಾನೂ ಅವನ ಜೊತೆ ಹೋದೆ. ಅವನು ಗಾಜು ಇಳಿಸಿ, ಇಂಜಿನ್ ನಿಲ್ಲಿಸಿ, ಕೀ ತೆಗೆದು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿದ. ಅಲ್ಲೇ ಬಿಡು, ನಾನು ಒಳಗೇ ಇದ್ದೇನಲ್ಲ ಎಂದೆ.

"ಚಾವಿ ನನ್ನ ಕಡೆನ ಇರ್ಲಿ ರೀ," ಅಂದ. "ನಾ ಇಲ್ಲಿಯವ ಅಲ್ರಿ."

ಅವನು ಹೋದ. ಐಸಿನ ಟೆಂಪೋ ಬಂತು. ಹಿಂದೆ ಹಾರನ್ ಶುರುವಾಯಿತು, ಒಂದಾದ ಮೇಲೊಂದು. ಹೋಟೆಲಿಗೆ ಮೀನು ಒಯ್ಯುವ ಅದೇ ಮನುಷ್ಯ ಬಂದು ಕಿಟಕಿಯೊಳಗೆ ತಲೆ ಹಾಕಿದ.

"ಎಂತ ಮಾರಾಯ್ರೆ ನಿಮ್ಮ ಡ್ರೈವರ್? ಕೀ ಬಿಟ್ಟು ಹೋಗ್ಲಿಕ್ಕೆ ಗೊತ್ತಿಲ್ವಾ? ಇಲ್ಲಿ ಎಲ್ಲರೂ ಬಿಡುವುದಲ್ವಾ?"

ಗಾಜು ಏರಿಸೋಣವೆಂದರೆ ಕೀ ಇಲ್ಲದೆ ಅದು ಏರುವುದಿಲ್ಲ. ಕೇಳಿಸಿಕೊಂಡು ಕೂತೆ. ಅಷ್ಟು ದೂರದಲ್ಲಿ ನನ್ನ ಡ್ರೈವರ್ ಬಗ್ಗಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ. ನಾನು ಅವನನ್ನು ಕರೆಯಲಿಲ್ಲ.