ಟಪಾಲಪ್ಪನ ಹಿಂದಿನ ಕಥೆ

ವಾರಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರಡಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವುದು ಅವಳ ಕೆಲಸ. ಕಾಗುಣಿತದ ತಪ್ಪು ಅವಳಿಗೆ ಅಕ್ಕಿಯೊಳಗಿನ ಕಲ್ಲಿನ ಹಾಗೆ ಕಾಣುತ್ತಿತ್ತು. ಮಾತು ಕಡಿಮೆ, ಆಡಿದರೆ ಮುಖಕ್ಕೆ ಹೊಡೆದ ಹಾಗೆ.

ಇಪ್ಪತ್ಮೂರನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳ ಮೇಜಿಗೆ ‘ಟಪಾಲಪ್ಪ’ ಧಾರಾವಾಹಿಯ ಕರಡು ಬಂತು. ಟಪಾಲಪ್ಪ ಅಂಚೆಯವನು. ಮನೆಮನೆಗೆ ಕಾಗದ ಹಂಚುತ್ತಲೇ ಕಳ್ಳತನ, ಮೋಸಗಳನ್ನು ಪತ್ತೆ ಹಚ್ಚುವವನು. ಆಗಲೇ ಒಂಬತ್ತು ವರ್ಷದಿಂದ ವಾರಕ್ಕೊಂದು ಕಂತು ಬರುತ್ತಿತ್ತು. ಊರಿಗೂರೇ ಓದುತ್ತಿದ್ದಾಗ ಅವಳೊಬ್ಬಳು ಓದಿರಲಿಲ್ಲ. ಅವಳ ಮನೆಯಲ್ಲಿ ಪತ್ರಿಕೆ ತರಿಸುವ ರೂಢಿಯೇ ಇರಲಿಲ್ಲ. ಕರಡು ತಿದ್ದಿ ಮುಗಿಸಿ ನೇರ ಕಥೆಗಾರರ ಕೋಣೆಗೆ ಹೋದಳು.

“ತಪ್ಪೆಲ್ಲ ತಿದ್ದಿದ್ದೀನಿ ಸಾರ್. ಆದ್ರೆ ಕಥೆ ತಲೆಬುಡ ತಿಳೀಲಿಲ್ಲ.”

ಕಥೆಗಾರರು ಕನ್ನಡಕ ಹಣೆಗೇರಿಸಿದರು. “ಏನು ತಿಳೀಲಿಲ್ಲ?”

“ಯಾರೋ ಬಂದು ಬಾಗ್ಲಲ್ಲಿ ನಿಂತ್ಕೋತಾನೆ. ಟಪಾಲಪ್ಪ ಬೆವರ್ತಾನೆ. ಯಾಕೆ?”

“ಅವನು ಟಪಾಲಪ್ಪನ ಅಣ್ಣ ಕಣಮ್ಮ. ಕಥೆ ಶುರುವಾದ ಆರನೇ ವರ್ಷದಲ್ಲೇ ಹೊಳೇಲಿ ಕೊಚ್ಕೊಂಡು ಹೋಗ್ಬಿಟ್ಟಿದ್ದ.”

“ಅದು ನನಗೆ ಹೇಗೆ ಗೊತ್ತಾಗ್ಬೇಕು?”

“ಹಿಂದಿನದೆಲ್ಲ ಓದಿರ್ಬೇಕು.”

“ಇವತ್ತೇ ಮೊದಲ ಸಲ ಪತ್ರಿಕೆ ತಗೊಂಡೋರು ಏನ್ಮಾಡ್ಬೇಕು ಸಾರ್?”

ಕಥೆಗಾರರಿಗೆ ಮೂಗಿನ ತುದಿಯಲ್ಲೇ ಕೋಪ. “ಅಷ್ಟು ಕಾಳಜಿ ಇದ್ರೆ ಅವರಿಗೆ ನೀನೇ ಹೇಳು ಹೋಗು” ಎಂದುಬಿಟ್ಟರು.

ಅವಳು ಅದನ್ನು ಅಪ್ಪಣೆಯೆಂದೇ ತೆಗೆದುಕೊಂಡಳು. ಬೀರುವಿನಲ್ಲಿದ್ದ ಹಳೆಯ ಸಂಚಿಕೆಗಳನ್ನೆಲ್ಲ ನಾಲ್ಕು ದಿನ ಕೂತು ಓದಿ, ‘ಹಿಂದಿನ ಕಥೆ’ ಎಂಬ ತಲೆಬರಹ ಹಾಕಿ ಆರು ಸಾಲು ಬರೆದಳು. ಮೊದಲನೆಯ ಸಾಲು ಹೀಗಿತ್ತು: ‘ಟಪಾಲಪ್ಪ ಬೇರೆಯವರ ಕಾಗದ ಒಡೆಯುವುದಿಲ್ಲ, ತಲುಪಿಸದೆ ಬಿಡುವುದೂ ಇಲ್ಲ.’ ಕಥೆಗಾರರು ಅದನ್ನು ಎರಡು ಸಲ ಓದಿದರು.

“ಒಂಬತ್ತು ವರ್ಷ ಬರ್ದಿದ್ದೀನಿ. ಇದನ್ನ ನಾನೇ ಎಲ್ಲೂ ಹೇಳಿಲ್ವಲ್ಲ” ಎಂದರು. ಆ ವಾರದಿಂದ ಆರು ಸಾಲಿಗೆ ಪುಟದ ಮೇಲ್ತುದಿಯಲ್ಲಿ ಜಾಗ ಸಿಕ್ಕಿತು.

ಮುಂದೆ ಅವಳಿಗೆ ಮದುವೆಯಾಯಿತು. ಗಂಡನ ಮನೆಯಲ್ಲಿ ಒಬ್ಬಳು ನಾದಿನಿ, ಬಟ್ಟೆ ಹೊಲಿಯುವವಳು. ಕಥೆಯೆಂದರೆ ಅವಳಿಗೆ ಆಕಳಿಕೆ. ಕರಡಕ್ಕ ಬೇಕೆಂದೇ ಅವಳನ್ನು ಹಿಡಿದಳು. ಸಂಜೆ ನಾದಿನಿ ಕಾಜಾ ಹೊಲಿಯುತ್ತ ಕೂತರೆ ಇವಳು ಪಕ್ಕದಲ್ಲಿ ಆ ವಾರದ ಕಂತಿನ ಕರಡನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾದಿನಿಗೆ ಹೋದ ವಾರದ್ದು ನೆನಪಿರುತ್ತಿರಲಿಲ್ಲ, ನೆನಪಿಡುವ ಆಸೆಯೂ ಇರಲಿಲ್ಲ. “ಇವನ್ಯಾವನು ಅತ್ತಿಗೆ?” ಎಂದು ಅವಳು ಕೇಳಿದಲ್ಲೆಲ್ಲ ಕೆಂಪು ಪೆನ್ಸಿಲಿನ ಗುರುತು ಬೀಳುತ್ತಿತ್ತು.

ಮರುದಿನ ಕಥೆಗಾರರ ಜೊತೆ ಜಟಾಪಟಿ. “ಹಳಬರಿಗೆ ಇದೆಲ್ಲ ಚರ್ವಿತಚರ್ವಣ” ಎನ್ನುತ್ತಿದ್ದರು ಅವರು. “ಹಳಬರು ಒಂದು ಮಾತು ದಾಟ್ಕೊಂಡು ಹೋಗ್ತಾರೆ, ಹೊಸಬರು ಪತ್ರಿಕೇನೇ ಮಡಚಿಡ್ತಾರೆ” ಎನ್ನುತ್ತಿದ್ದಳು ಇವಳು. ಕೊನೆಗೆ ‘ಅಣ್ಣ’ ಎಂದಿದ್ದಲ್ಲಿ ‘ಸತ್ತನೆಂದು ಎಲ್ಲರೂ ನಂಬಿದ್ದ ಅಣ್ಣ’ ಎಂದಾಗುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು.

ಹೀಗೆ ಹದಿನಾರು ವರ್ಷ ನಡೆಯಿತು. ಒಂದು ದಿನ ಬೆಳಿಗ್ಗೆ ಕಥೆಗಾರರು ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದುಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು, ಮಾತೂ ಮೆಲ್ಲಗೆ ಮರಳಿತು, ಬಲಗೈ ಮಾತ್ರ ಬರಲಿಲ್ಲ. ಕಥೆ ನಟ್ಟನಡುವೆ ನಿಂತಿತ್ತು: ಟಪಾಲಪ್ಪ ಬೀಗ ಹಾಕಿದ ಗೋದಾಮಿನೊಳಗೆ ಸಿಕ್ಕಿಕೊಂಡಿದ್ದ. ಸಂಪಾದಕರು ಎರಡು ವಾರ ಪ್ರಕಟಣೆ ಹಾಕಿ ತಳ್ಳಿದರು. ಮೂರನೆಯ ವಾರ ಕರಡಕ್ಕನನ್ನು ಕರೆಸಿದರು.

“ಅವನನ್ನ ಹೊರಗೆ ತರೋಕೆ ನಿನ್ನ ಬಿಟ್ರೆ ಯಾರಿದಾರಮ್ಮ?”

ಅವಳು ಇಲ್ಲವೆಂದಳು. ತಿದ್ದುವುದು ಬೇರೆ, ಬರೆಯುವುದು ಬೇರೆ ಎಂದಳು. ಆದರೆ ಮನೆಗೆ ಹೋದವಳಿಗೆ ಅನ್ನ ಸೇರಲಿಲ್ಲ. ಟಪಾಲಪ್ಪ ಗೋದಾಮಿನೊಳಗೇ ಇದ್ದ. ಮೂರು ದಿನ ಒದ್ದಾಡಿ ಬರೆದಳು. ಅಚ್ಚಿಗೆ ಕೊಡುವ ಮೊದಲು ಕಥೆಗಾರರ ಒಪ್ಪಿಗೆ ಪಡೆಯಬೇಕೆಂದು ಅವರ ಮನೆಗೆ ಹೊರಟಳು.

ಬಾಗಿಲಲ್ಲೇ ಅವರ ಹೆಂಡತಿ ತಡೆದು ಮೆಲ್ಲಗೆ ಹೇಳಿದರು: “ನಮ್ಮನ್ನೆಲ್ಲ ಗುರುತು ಹಿಡೀತಾರಮ್ಮ. ಆದ್ರೆ ಬರ್ದಿದ್ದು ಯಾವುದೂ ನೆನಪಿಲ್ಲ. ಟಪಾಲಪ್ಪ ಯಾರು ಅಂತ ನಿನ್ನೆ ನನ್ನೇ ಕೇಳಿದ್ರು.”

ಆದರೂ ಕರಡಕ್ಕ ಒಳಗೆ ಹೋಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರ ಎದುರು ಓದಲು ಶುರುಮಾಡಿದಳು. ಮೊದಲು ಆರು ಸಾಲು, ಆಮೇಲೆ ಕಂತು. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಎಲ್ಲೂ ‘ಇವನ್ಯಾರು’ ಎನ್ನಲಿಲ್ಲ. ಟಪಾಲಪ್ಪ ಗೋದಾಮಿನ ಗಾಳಿಕಂಡಿಯಿಂದ ತಾನು ತಪ್ಪಿಸಿಕೊಳ್ಳುವ ಬದಲು ಚೀಲದಲ್ಲಿದ್ದ ಕಾಗದಗಳನ್ನು ಮೊದಲು ಆಚೆ ತೂರಿಸುವಲ್ಲಿ ಅವರು ನಕ್ಕರು.

“ಚೆನ್ನಾಗಿದೆ. ಯಾರು ಬರ್ದಿದ್ದು?”

“ನೀವೇ ಸಾರ್.”

“ಇರಲಾರದು. ನಾನಾದ್ರೆ ಇಷ್ಟು ಬೇಗ ಮುಗಿಸ್ತಿರ್ಲಿಲ್ಲ” ಎಂದರು. “ಮುಂದೇನಾಯ್ತು?”

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಅವಳು ಅಲ್ಲಿಗೆ ಹೋಗಿ ಓದುತ್ತಿದ್ದಳು. ವಾರದಿಂದ ವಾರಕ್ಕೆ ಅವರಿಗೆ ಏನೂ ಉಳಿಯುತ್ತಿರಲಿಲ್ಲ. ಪ್ರತಿ ಗುರುವಾರವೂ ಟಪಾಲಪ್ಪನನ್ನು ಹೊಸದಾಗಿ ಕಂಡು ಮೆಚ್ಚುತ್ತಿದ್ದರು. ಮನೆಗೆ ಬಂದು ಅವಳು ಒಮ್ಮೊಮ್ಮೆ ಅಳುತ್ತಿದ್ದಳೆಂದು ನಾದಿನಿ ಹೇಳುತ್ತಾಳೆ. ಕರಡಕ್ಕನನ್ನು ಕೇಳಿದರೆ ಇಲ್ಲವೆನ್ನುತ್ತಾಳೆ.

ನಾಲ್ಕು ವರ್ಷದ ಮೇಲೆ ಕಥೆಗಾರರು ತೀರಿಕೊಂಡರು. ಟಪಾಲಪ್ಪನನ್ನೂ ಗೌರವವಾಗಿ ಮುಗಿಸಿಬಿಡೋಣ, ಒಂದು ವಿಶೇಷ ಸಂಚಿಕೆ ಮಾಡೋಣ ಎಂದು ಸಂಪಾದಕರು ಸೂಚಿಸಿದರು. ಕರಡಕ್ಕ ಒಪ್ಪಲಿಲ್ಲ.

“ಈ ವಾರ ಯಾರೋ ಮೊದಲ ಸಲ ಓದ್ತಿರ್ತಾರೆ ಸಾರ್. ಅವರಿಗೆ ಅವನು ಇವತ್ತೇ ಹುಟ್ಟಿರೋದು. ಹುಟ್ಟಿದ ದಿನಾನೇ ಸಾಯಿಸೋದಾ?”

ಮತ್ತೆ ಹದಿನೈದು ವರ್ಷ ಅವಳೇ ಬರೆದಳು. ಕಂತಿನ ಕೆಳಗೆ ಕಥೆಗಾರರ ಹೆಸರೇ ಇತ್ತು. ತನ್ನ ಹೆಸರು ಹಾಕಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಹಾಕಿಲ್ಲವಲ್ಲ ಎಂದು ಆಗಾಗ ಒಳಗೊಳಗೇ ಚುಚ್ಚುತ್ತಲೂ ಇತ್ತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿದರು, ಅವಳು ಎರಡು ಮಾತಾಡಿ ಕೂತಳು.

ಈಗ ಯಾರೋ ಚಿಕ್ಕ ಪ್ರಾಯದವರು ಬರೆಯುತ್ತಿದ್ದಾರೆ. ಟಪಾಲಪ್ಪನಿಗೆ ಮೋಟಾರು ಬೈಕು ಕೊಟ್ಟಿದ್ದಾರೆ. ಕರಡಕ್ಕನಿಗೆ ಅದು ಸುತರಾಂ ಹಿಡಿಸಿಲ್ಲ. ನಾದಿನಿಗೆ ಹಿಡಿಸಿದೆ.