ಬಾಯಮ್ಮ ತೀರಿಸಿದ ಹರಕೆ

ಮೊನ್ನೆ ಮೆಟ್ರೋ ಕಾರ್ಡು ಎಲ್ಲಿಟ್ಟೆನೆಂದು ಹುಡುಕುತ್ತ ಹಳೆಯ ಕೈಚೀಲವೊಂದನ್ನು ಮಂಚದ ಮೇಲೆ ಬೋರಲು ಹಾಕಿದೆ. ಚಿಲ್ಲರೆ, ಹೇರ್‌ಪಿನ್ನು, ಒಣಗಿದ ಲಿಪ್‌ಸ್ಟಿಕ್ಕುಗಳ ನಡುವೆ ನೀಲಿ ಬಣ್ಣದ ಒಂದು ಪ್ಲಾಸ್ಟಿಕ್ ಕಾರ್ಡು ಬಿತ್ತು. ಹಡಗಿನ ಕೋಣೆಯ ಬಾಗಿಲು ತೆರೆಯುವ ಕಾರ್ಡು. ಅದರ ಮೇಲಿನ ನನ್ನ ಹೆಸರು ಅರ್ಧ ಅಳಿಸಿಹೋಗಿತ್ತು. ಆ ಕಾರ್ಡಿನ ಜೋಡಿ ಕಾರ್ಡೊಂದು ಬಾಯಮ್ಮನ ಬಳಿ ಇತ್ತು. ಅದು ಈಗ ಎಲ್ಲಿದೆಯೋ...

ದುಬೈಯ ಅಲ್ ಕುಸೈಸಿನ ಈ ಕಟ್ಟಡಕ್ಕೆ ನಾವು ಬಂದಾಗ ಎದುರು ಫ್ಲ್ಯಾಟಿನಲ್ಲಿ ಅವರು ಆಗಲೇ ಎಷ್ಟೋ ವರ್ಷದಿಂದ ಇದ್ದರು. ಕಲ್ಯಾಣಪುರದ ಕಡೆಯ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯಲ್ಲಿ ನರ್ಸು. ನಾನು ಉಡುಪಿಯವಳು. ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವ ರೂಢಿ. ಮೊದಲ ದಿನ ಲಿಫ್ಟಿನಲ್ಲಿ ನನ್ನ ಬಾಯಿಂದ ಹಾಗೇ ಬಂತು, ಅವರು ಕೊನೆಯವರೆಗೂ ನನಗೆ ಬಾಯಮ್ಮನಾಗಿಯೇ ಉಳಿದರು. ಎತ್ತರದ ಆಳು. ದನಿ ಇನ್ನೂ ಎತ್ತರದ್ದು. ವಾರ್ಡಿನಲ್ಲಿ ರೋಗಿಗಳನ್ನು ಎಬ್ಬಿಸಿ ಕೂರಿಸಿದ ದನಿಯಲ್ಲೇ ಮನೆಯ ನಲ್ಲಿ ರಿಪೇರಿಯವನನ್ನೂ, ಕಟ್ಟಡದ ವಾಚ್‌ಮನ್ನನ್ನೂ, ನನ್ನನ್ನೂ ಮಾತಾಡಿಸುತ್ತಿದ್ದರು. ಅವರು ಹೇಳಿದ ಮೇಲೆ ಆಗುವುದಿಲ್ಲ ಎನ್ನುವವರು ಕಡಿಮೆ.

ಅವರ ಯಜಮಾನರನ್ನು ನಾನು ಕಂಡದ್ದು ಎರಡು ವರ್ಷವಷ್ಟೇ. ಅಬುಧಾಬಿಯ ಪಶ್ಚಿಮದ ದ್ವೀಪಗಳಿಗೆ ಸಾಮಾನು ಸಾಗಿಸುವ ಬೋಟುಗಳಲ್ಲಿ ಅಡುಗೆ ಮಾಡಿಕೊಂಡಿದ್ದು ನಿವೃತ್ತರಾಗಿದ್ದವರು. ಸಣಕಲು ದೇಹ, ನಗುವ ಕಣ್ಣು, ಬಾಯಿ ತೆರೆದರೆ ಬುರುಡೆ. ಬೋಟಿಗಿಂತ ಉದ್ದದ ಮೀನು ಹಿಡಿದದ್ದು, ಒಣಗಲು ಹಾಕಿದ ಲುಂಗಿಯನ್ನು ಒಂಟೆ ಕಚ್ಚಿಕೊಂಡು ಹೋದದ್ದು... ಲಿಫ್ಟು ಏಳನೇ ಮಹಡಿ ತಲುಪುವಷ್ಟರಲ್ಲಿ ಒಂದು ಕತೆ ಮುಗಿಯುತ್ತಿತ್ತು. "ಇವರು ಹೇಳಿದ್ದರಲ್ಲಿ ನಾಲ್ಕಾಣೆ ನಂಬು ಮಾರಾಯ್ತಿ, ಹನ್ನೆರಡಾಣೆ ಉಪ್ಪು-ಖಾರ" ಎಂದು ಬಾಯಮ್ಮ ಅವರೆದುರೇ ಹೇಳುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಾಯಮ್ಮ ಊರಿಗೆ ಹೋಗಿ ಮಣ್ಣು ಮಾಡಿ ಬಂದರು, ಮತ್ತೆ ಡ್ಯೂಟಿಗೆ ಹೋದರು. ಮಕ್ಕಳಿರಲಿಲ್ಲ. ಆಮೇಲೆ ಎಷ್ಟೋ ಸಂಜೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು.

ಅವರು ಕೆಲಸ ಬಿಡುವ ವರ್ಷದ ಚಳಿಗಾಲ ಅದು. ದುಬೈಯಿಂದ ಹೊರಡುವ ದೊಡ್ಡ ಪ್ರವಾಸಿ ಹಡಗುಗಳು ಅಬುಧಾಬಿಯ ಸರ್ ಬನಿ ಯಾಸ್ ದ್ವೀಪದಲ್ಲೂ ನಿಲ್ಲಲು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ವೀಸಾ ರದ್ದಾಗುವ ಮೊದಲು ಒಮ್ಮೆ ಹಡಗಿನಲ್ಲಿ ಹೋಗಬೇಕು, ಒಬ್ಬಳಿಗೆ ಬೇಸರ, ನೀನೂ ಬಾ ಎಂದರು. ಜೆಬೆಲ್ ಅಲಿಯ ನಮ್ಮ ಆಫೀಸಿನಲ್ಲಿ ನನಗೆ ರಜೆ ಉಳಿದಿತ್ತು. ಮಗನನ್ನು ನಾನು ನೋಡಿಕೊಳ್ಳುತ್ತೇನೆ, ಹೋಗು ಎಂದರು ನನ್ನವರು. ಕ್ರಿಸ್ಮಸ್ ಕಳೆದ ವಾರವೇ ಹೊರಟೆವು.

ಬಾಯಮ್ಮನ ಕೈಯಲ್ಲಿ ಬಟ್ಟೆಯ ಪೆಟ್ಟಿಗೆಯ ಜೊತೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬವಿತ್ತು. ಬಂದರಿನ ತಪಾಸಣೆಯಲ್ಲಿ ಒಬ್ಬ ನೇಪಾಳಿ ಅದನ್ನು ತೆಗೆಸಿದ. ಒಳಗೆ ನೆವ್ರಿ, ಅಂದರೆ ಕಾಯಿ, ಎಳ್ಳು, ಸಕ್ಕರೆಯ ಹೂರಣ ತುಂಬಿ ಕರಿದ ಕ್ರಿಸ್ಮಸ್ ಕಡುಬು. ಮನೆಯ ತಿಂಡಿ ಹಡಗಿಗೆ ಒಯ್ಯುವಂತಿಲ್ಲ ಎಂದ. "ತಿಂಡಿ ಅಲ್ಲ ಅದು, ನನ್ನ ಗಂಡನ ಸಾಮಾನು" ಎಂದು ಹಿಂದಿಯಲ್ಲಿ ಹೇಳಿ ಬಾಯಮ್ಮ ಅವನ ಕಣ್ಣನ್ನೇ ನೋಡುತ್ತ ನಿಂತರು. ಅವನಿಗೆ ಏನು ಅರ್ಥವಾಯಿತೋ, ಮುಚ್ಚಳ ಮುಚ್ಚಿ ಕೊಟ್ಟ. ನನಗಂತೂ ಏನೂ ಅರ್ಥವಾಗಿರಲಿಲ್ಲ.

ಹಡಗು ಹೊರಟ ಮೇಲೆ ಅವರು ಸಮುದ್ರ ನೋಡಲೂ ನಿಲ್ಲದೆ ನೇರವಾಗಿ ಪ್ರವಾಸದ ಕೌಂಟರಿಗೆ ನಡೆದರು. ಮಾರನೆಯ ದಿನ ದ್ವೀಪದಲ್ಲಿ ಜಿರಾಫೆ, ಜಿಂಕೆ ತೋರಿಸುವ ಬಸ್ಸುಗಳಿದ್ದವು. ಅಲ್ಲಿನ ಪ್ರಾಚೀನ ಕ್ರೈಸ್ತ ಮಠದ ಅವಶೇಷಕ್ಕೂ ಒಂದು ಬಸ್ಸು ಇತ್ತು. ಆದರೆ ಕೌಂಟರಿನ ಹುಡುಗಿ ಮಠದ ಬಸ್ಸಿಗೆ ಜನ ಸಾಲದು, ಅದನ್ನು ರದ್ದು ಮಾಡಿದ್ದೇವೆ ಎಂದಳು.

"ಬಿಡಿ ಬಾಯಮ್ಮ, ಜಿರಾಫೆಯನ್ನೇ ನೋಡುವ" ಎಂದೆ ನಾನು.

ಅವರು ಅಲ್ಲೇ ಇದ್ದ ಸೋಫಾದಲ್ಲಿ ಕೂತರು. ನನ್ನನ್ನೂ ಎಳೆದು ಕೂರಿಸಿದರು. ಆಗ ಹೇಳಿದರು.

ತುಂಬ ಹಿಂದೆ ಅವರಿಗೆ ಹೊಟ್ಟೆಯ ದೊಡ್ಡ ಆಪರೇಶನ್ ಆಗಿತ್ತಂತೆ. ಬದುಕುವ ಭರವಸೆ ಇರಲಿಲ್ಲ. ಯಜಮಾನರ ಬೋಟು ಆಗ ಇದೇ ದ್ವೀಪದಲ್ಲಿತ್ತು. ರೇಡಿಯೋದಲ್ಲಿ ಸುದ್ದಿ ಸಿಕ್ಕಿತು, ಆದರೆ ಶಮಾಲ್ ಗಾಳಿ ಎದ್ದು ಸಮುದ್ರ ಬಿರುಸಾಗಿ ಬೋಟು ಹೊರಡುವಂತಿರಲಿಲ್ಲ. ಅವರು ಹುಚ್ಚು ಹಿಡಿದವರಂತೆ ನಡೆಯುತ್ತ ಹೋದಾಗ, ಮರಳಿನಿಂದ ಯಾರೋ ಅಗೆದು ತೆಗೆಯುತ್ತಿದ್ದ ಹಳೆಯ ಇಗರ್ಜಿಯೊಂದು ಸಿಕ್ಕಿತಂತೆ. ಅದರ ಗೋಡೆಯ ಬದಿ ಕೂತು ಹರಕೆ ಹೇಳಿಕೊಂಡರಂತೆ. ಹೆಂಡತಿ ಉಳಿದರೆ ಅವಳನ್ನು ಇಲ್ಲಿಗೆ ಕರೆತರುತ್ತೇನೆ, ಇಲ್ಲಿ ಆಗ ಯಾರಿದ್ದರೂ ಅವರಿಗೆಲ್ಲ ಅವಳ ಕೈಯಡುಗೆ ಬಡಿಸುತ್ತೇನೆ ಎಂದು.

"ನಾನು ನಂಬಲಿಲ್ಲ" ಎಂದರು ಬಾಯಮ್ಮ. "ಅರಬರ ದ್ವೀಪದಲ್ಲಿ ಇಗರ್ಜಿ ಎಂತದ್ದು? ಯಾರಿಗೆ ಬಡಿಸುವುದು, ಜಿಂಕೆಗಳಿಗಾ ಅಂತ ನಗಾಡಿದೆ. ಇವರು ಮಾತ್ರ ಬಿಡ್ಲಿಲ್ಲ. ಒಳಗೆ ಒಂದೇ ಒಂದು ಸಮಾಧಿ ಉಂಟು, ನಾನೇ ನೋಡಿದ್ದೇನೆ ಅಂತ ಆಣೆ ಹಾಕಿದರು. ಒಂಟೆ ಲುಂಗಿ ಕಚ್ಚಿದ್ದಕ್ಕೂ ಆಣೆ ಹಾಕಿದವರೇ ಅಲ್ವಾ..."

"ಆಮೇಲೆ?"

"ಆಮೇಲೆ ಎಂತ. ಆ ದ್ವೀಪಕ್ಕೆ ನಮ್ಮಂಥವರನ್ನು ಬಿಡ್ತಿರಲಿಲ್ಲ. ಇವರೂ ಆ ಬೋಟು ಬಿಟ್ಟರು. ಇವರು ಹೋದ ಮೇಲೆ ಒಂದು ದಿನ ಪೇಪರಲ್ಲಿ ನೋಡ್ತೇನೆ, ಅದೇ ದ್ವೀಪ, ಅಲ್ಲಿ ಹಳೇ ಮಠ, ಜನ ನೋಡಬಹುದು ಅಂತ. ಅಡುಗೆಮನೆಯಲ್ಲಿ ನಿಂತಲ್ಲೇ ಕೂತುಬಿಟ್ಟೆ ನಾನು." ಅವರು ನನ್ನ ಕೈಮೇಲೆ ಕೈಯಿಟ್ಟರು. "ವೀಸಾ ಮುಗಿದರೆ ನಾನು ಮತ್ತೆ ಈ ಕಡೆ ಬರುವವಳಲ್ಲ. ಇದು ಆಗ್ಲೇಬೇಕು, ಆಯ್ತಾ?"

ಅವರ ಕಣ್ಣಲ್ಲಿ ನೀರಿರಲಿಲ್ಲ. ಕೌಂಟರಿಗೆ ಎದ್ದು ಹೋಗಿ ಕೇಳಿದ್ದು ಒಂದೇ ಪ್ರಶ್ನೆ. ಇವತ್ತು ಸಂಜೆಯೊಳಗೆ ಒಂದು ಬಸ್ಸಿಗಾಗುವಷ್ಟು ಜನ ತಂದರೆ ಬಿಡ್ತೀರಾ? ಹುಡುಗಿ ನಗುತ್ತ ಬಿಡ್ತೇವೆ ಎಂದಳು. ಆಗುವ ಮಾತಲ್ಲ ಎಂದುಕೊಂಡಿರಬೇಕು.

ಊಟದ ಹಾಲ್‌ನಲ್ಲಿ ಬಾಯಮ್ಮ ತಟ್ಟೆಯನ್ನೇ ತೆಗೆದುಕೊಳ್ಳಲಿಲ್ಲ. ಮೇಜಿನಿಂದ ಮೇಜಿಗೆ ನಡೆದರು. ನಾನು ನಾಚಿಕೆಯಿಂದ ಹಿಂದೆ ಹಿಂದೆ. ಸಲೂನಿನಲ್ಲಿ ಕೆಲಸ ಮಾಡುವ ಫಿಲಿಪೀನ್ಸಿನ ಹೆಂಗಸರ ಗುಂಪೊಂದಿತ್ತು. ಸಾವಿರದ ಮುನ್ನೂರು ವರ್ಷ ಹಿಂದಿನ ಇಗರ್ಜಿ ಎಂದ ಕೂಡಲೇ ಅವರು ಶಿಲುಬೆಯ ಗುರುತು ಮಾಡಿಕೊಂಡು ಎದ್ದು ಹೊರಟರು. ಅಬುಧಾಬಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮಲಯಾಳಿ ದಂಪತಿ ಜಿರಾಫೆ ಬಿಡಲು ಒಪ್ಪಲಿಲ್ಲ. "ದಾರಿಯಲ್ಲಿ ಜಿಂಕೆ ಹೇಗೂ ಸಿಗ್ತದೆ, ಜಿರಾಫೆ ಬಂದರೆ ಅದರ ಕತ್ತು ದೂರದಿಂದಲೇ ಕಾಣ್ತದೆ. ಬಸ್ಸಿನವನಿಗೆ ನಾನು ಹೇಳ್ತೇನೆ" ಎಂದರು ಬಾಯಮ್ಮ. ಆಯಿತು ಎಂದರು. ಮಂಡಿನೋವಿನ ಜರ್ಮನ್ ಮುದುಕನೊಬ್ಬನಿಗೆ ಮೊದಲು ಮಂಡಿ ನೋಡಿ ಎರಡು ವ್ಯಾಯಾಮ ಹೇಳಿಕೊಟ್ಟರು, ಆಮೇಲೆ ಮಠದ ಮಾತು ತೆಗೆದರು. ಅವನು ಹೆಂಡತಿಯನ್ನೂ ಪಕ್ಕದ ಮೇಜಿನ ಗೆಳೆಯರನ್ನೂ ಹೊರಡಿಸಿದ. ಕಾಫಿಯ ಹೊತ್ತಿಗೆ ಬಾಯಮ್ಮ ಆ ಇಡೀ ಮೆರವಣಿಗೆಯನ್ನು ಕೌಂಟರಿನ ಮುಂದೆ ತಂದು ನಿಲ್ಲಿಸಿದರು. ಹುಡುಗಿ ಫೋನು ಎತ್ತಿದಳು.

ಬೆಳಿಗ್ಗೆ ನೋಡಿದರೆ ಗಾಳಿ. ಹಡಗು ದ್ವೀಪದಿಂದ ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯಬೇಕಿತ್ತು. ಅಲೆ ಇಳಿಯದಿದ್ದರೆ ಇಳಿಸುವುದಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಬಾಯಮ್ಮ ಡಬ್ಬವನ್ನು ಎದೆಗವಚಿಕೊಂಡು ಕಂಬಿಯ ಬಳಿ ನಿಂತರು. "ಅವತ್ತೂ ಇದೇ ಗಾಳಿ" ಎಂದರು. ಕಣ್ಣು ದಡದ ಮೇಲೇ ಇತ್ತು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಅಪರೂಪ, ಹಾಗಾಗಿ ನನಗೆ ಭಯವಾಯಿತು. ಬಿಸಿಲೇರಿದ ಮೇಲೆ ಅಲೆ ತಗ್ಗಿತು, ಮೊದಲ ದೋಣಿ ಇಳಿಯಿತು. ಅದರಲ್ಲಿ ಮೊದಲು ಕಾಲಿಟ್ಟವರು ಬಾಯಮ್ಮನೇ.

ದ್ವೀಪದ ಪೂರ್ವದ ಬದಿಯಲ್ಲಿತ್ತು ಮಠ. ನಾನು ಗೋಪುರ, ಕಂಬ ಎಂದೆಲ್ಲ ಎಣಿಸಿಕೊಂಡಿದ್ದೆ. ಅಲ್ಲಿದ್ದದ್ದು ಬೇಲಿಯೊಳಗೆ ಮರಳಿನ ಬಣ್ಣದ ಗಿಡ್ಡ ಗೋಡೆಗಳು, ಅಷ್ಟೇ. ಕೆಲವು ಮೊಣಕಾಲೆತ್ತರ, ಕೆಲವು ಅಷ್ಟೂ ಇಲ್ಲ. ಗೈಡ್ ಆಗಿದ್ದ ಕೀನ್ಯಾದ ತರುಣಿ ನಿಧಾನಕ್ಕೆ ವಿವರಿಸಿದಳು. ಇದು ಸನ್ಯಾಸಿಗಳು ಮಲಗುತ್ತಿದ್ದ ಕೋಣೆ, ಇದು ಇಗರ್ಜಿ, ಇಲ್ಲಿ ಬಲಿಪೀಠ. ಶಿಲುಬೆ ಕೊರೆದ ಗಾರೆಯ ತುಂಡುಗಳನ್ನು ಬೇರೆ ಕಡೆ ಜೋಪಾನವಾಗಿ ಇಟ್ಟಿದ್ದಾರೆ. ಭಾರತದ ಕಡೆ ಹೋಗಿಬರುವ ಹಡಗುಗಳ ದಾರಿ ಇದು, ಯಾತ್ರಿಕರು ಸಮುದ್ರದ ಮೇಲೆ ಇಲ್ಲಿಗೆ ಬರುತ್ತಿದ್ದಿರಬೇಕು ಎಂದಳು. ಗೋಡೆಗಳ ನಡುವೆ ಗಾಳಿ ಮರಳನ್ನು ಸಣ್ಣಗೆ ಎಬ್ಬಿಸುತ್ತಿತ್ತು.

ಬಾಯಮ್ಮ ಪ್ರಶ್ನೆ ಕೇಳಲೇ ಇಲ್ಲ. ಕಾಯುತ್ತಿದ್ದರು ಎಂದು ನನಗೆ ಆಮೇಲೆ ಹೊಳೆಯಿತು. ಕೇಳಿ, ಇಲ್ಲ ಎಂದುಬಿಟ್ಟರೆ...

ಗೈಡ್ ಕೊನೆಗೆ ಒಂದು ಕಡೆ ಕೈ ತೋರಿಸಿದಳು. "ಇಗರ್ಜಿಯೊಳಗೆ ಒಬ್ಬರ ಸಮಾಧಿ ಸಿಕ್ಕಿದೆ. ಒಂದೇ. ಯಾರದೆಂದು ಗೊತ್ತಿಲ್ಲ, ಇಲ್ಲಿನ ಬಹಳ ದೊಡ್ಡವರೇ ಇರಬೇಕು. ಯಾತ್ರಿಕರು ಬರುತ್ತಿದ್ದದ್ದು ಬಹುಶಃ ಅವರಿಗಾಗಿಯೇ."

ಬಾಯಮ್ಮ ನನ್ನ ತೋಳು ಹಿಡಿದರು. ಉಗುರು ನಾಟುವಷ್ಟು ಬಿಗಿಯಾಗಿ. "ಕೇಳಿದಿಯಾ? ಒಂದೇ ಅಂತೆ" ಎಂದರು. "ಇದಕ್ಕೆ ಉಪ್ಪು-ಖಾರ ಹಾಕಿರಲಿಲ್ಲ ನಮ್ಮವರು."

ಒಂದು ಪ್ರಾರ್ಥನೆ ಹೇಳಬಹುದಾ ಎಂದು ಗೈಡನ್ನು ಕೇಳಿದರು. ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೆ ಯಾರ ಅನುಮತಿ ಬೇಕು ಎಂದಳು ಅವಳು. ಬಾಯಮ್ಮ ಇಗರ್ಜಿಯ ಗಿಡ್ಡ ಗೋಡೆಯ ಬದಿಯಲ್ಲಿ ನಿಂತು ತಲೆಗೆ ಸೆರಗಿನಂತೆ ದುಪಟ್ಟಾ ಹೊದ್ದುಕೊಂಡರು. ಫಿಲಿಪೀನ್ಸಿನ ಹೆಂಗಸರು ಅವರ ಹಿಂದೆ ಬಂದು ನಿಂತರು. ನಾನೂ ಕೈಮುಗಿದೆ. ನನ್ನ ದೇವರು ಬೇರೆ, ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಬೋಟಿನ ಅಡುಗೆಯವರೊಬ್ಬರು ಹೆಂಡತಿಯ ಜೀವಕ್ಕಾಗಿ ಈ ಮರಳಿನಲ್ಲಿ ಕೂತ ದೃಶ್ಯ ಮಾತ್ರ.

ಬೇಲಿಯೊಳಗೆ ತಿನ್ನುವಂತಿರಲಿಲ್ಲ. ಹೊರಗೆ ಬಸ್ಸಿನ ನೆರಳಿನಲ್ಲಿ ಬಾಯಮ್ಮ ಡಬ್ಬ ತೆರೆದರು. ಒಬ್ಬೊಬ್ಬರ ಕೈಗೂ ತಾವೇ ಇಟ್ಟರು. ಜರ್ಮನ್ ಮುದುಕನಿಗೆ, ಮಲಯಾಳಿ ದಂಪತಿಗೆ, ಗೈಡಿಗೆ. ಪೇಶಾವರದ ಡ್ರೈವರು ನೆವ್ರಿಯನ್ನು ತಿರುಗಿಸಿ ನೋಡಿ, ಇದು ಯಾವ ಖುಷಿಗೆ ಎಂದು ಕೇಳಿದ.

"ಮೇರಾ ಆದ್ಮಿ ಬೋಲ್ ಕೇ ಗಯಾ ಥಾ" ಎಂದರು ಬಾಯಮ್ಮ. ನನ್ನ ಗಂಡ ಹೇಳಿಹೋಗಿದ್ದರು ಎಂದಷ್ಟೇ.

ಎಲ್ಲರೂ ತಿಂದರು. ಡಬ್ಬ ಖಾಲಿಯಾಗಿತ್ತು, ಬಾಯಮ್ಮ ತಮಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಅದನ್ನು ಗಮನಿಸಿದವನು ಆ ಡ್ರೈವರೇ. ತನ್ನ ನೆವ್ರಿಯನ್ನು ಮುರಿದು ಅರ್ಧ ಚಾಚಿದ. "ಆಪ್ ಭೀ, ಬಹೆನ್." ಅವರು ಅದನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ಅವರು ಅಳಬಹುದು ಎಂದುಕೊಂಡು ನಾನು ಹತ್ತಿರ ಹೋದೆ.

"ಸಕ್ಕರೆ ಸ್ವಲ್ಪ ಹೆಚ್ಚಾಯ್ತು" ಎಂದರು. ಆಮೇಲೆ ಬಸ್ಸಿನವನಿಗೆ, "ಯಲ್ಲಾ, ಹೊರಡು, ಇವರಿಗೆ ಜಿರಾಫೆ ತೋರಿಸು."

ಜಿರಾಫೆ ಸಿಕ್ಕಿತು, ನಿಜವಾಗಿಯೂ ದೂರದಿಂದ ಕತ್ತೇ ಮೊದಲು ಕಂಡಿತು. ಇಡೀ ಬಸ್ಸು ಬಾಯಮ್ಮನ ಕಡೆ ತಿರುಗಿ ನಕ್ಕಿತು.

ವೀಸಾ ರದ್ದಾಗಿ ಅವರು ಹೊರಟಾಗ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಅಷ್ಟು ವರ್ಷದ ಸಂಸಾರ ಎರಡು ಪೆಟ್ಟಿಗೆಯಾಗಿತ್ತು. ಅವರು ಒಮ್ಮೆಯೂ ಹಿಂದೆ ನೋಡಲಿಲ್ಲ. ಒಳಗೆ ಸಾಲಿನಲ್ಲಿ ನಿಂತು ಮುಂದಿನವನ ಟ್ರಾಲಿ ಸರಿಮಾಡಿಸುತ್ತಿದ್ದ ಅವರ ದನಿ ಗಾಜಿನ ಈಚೆಗೂ ಕೇಳಿಸಿತು. ಊರಿನಲ್ಲಿ ತಂಗಿಯ ಮನೆಯ ಹತ್ತಿರವೇ ಇದ್ದರು, ಅಲ್ಲಿ ಮುದುಕರ ವ್ಯಾಯಾಮದ ಗುಂಪೊಂದನ್ನು ಕಟ್ಟಿದ್ದರಂತೆ. ಹೋದ ವರ್ಷ ಒಂದು ಬೆಳಿಗ್ಗೆ, ಆಫೀಸಿನ ಬಸ್ಸಿನಲ್ಲಿದ್ದಾಗ, ಅವರ ತಂಗಿಯ ಮಗಳಿಂದ ಸಂದೇಶ ಬಂತು, ಬಾಯಮ್ಮ ಇನ್ನಿಲ್ಲ ಎಂದು. ಓದಿ ಮುಗಿಸಿದರೂ ಜೆಬೆಲ್ ಅಲಿ ಬರುವವರೆಗೆ ಅದನ್ನೇ ಓದುತ್ತಿದ್ದೆ...

ಎದುರಿನ ಫ್ಲ್ಯಾಟಿನಲ್ಲಿ ಈಗ ಪುಣೆಯ ಸಂಸಾರವಿದೆ. ಒಳ್ಳೆಯ ಜನ. ನಮ್ಮ ಸರದಿಯೂ ಬಂದಿದೆ, ನನ್ನವರ ಕೆಲಸ ಈ ವರ್ಷ ಮುಗಿಯುತ್ತದೆ. ಯಾವುದನ್ನು ಹಂಚುವುದು, ಯಾವುದನ್ನು ಒಯ್ಯುವುದು ಎಂದು ಕಪಾಟುಗಳನ್ನು ತೆರೆದಿಟ್ಟುಕೊಂಡಿದ್ದೇನೆ. ಹೆದರಿಕೆಯಿಲ್ಲ. ಹೋಗುವುದು ಹೇಗೆ ಎಂದು ಒಬ್ಬರನ್ನು ನೋಡಿ ಕಲಿತಿದ್ದೇನೆ. ಆದರೆ ಊರಿಗೆ ಇಳಿದ ಮೊದಲ ದಿನ, ಪೆಟ್ಟಿಗೆ ಬಿಚ್ಚಿದ ಮೇಲೆ, ಆ ಸಂಜೆಯನ್ನು ಹೇಗೆ ಕಳೆದಿರಿ ಬಾಯಮ್ಮ ಎಂದು ಕೇಳಬೇಕಿತ್ತು. ಅದೊಂದು ಕೇಳಲಿಲ್ಲ. ಈಗ ಅದನ್ನು ನಾನೇ ಕಂಡುಕೊಳ್ಳಬೇಕು.